ತಾತ ಬಿಚ್ಚಿದ ಆನೆ

ವಯಸ್ಸಾಯಿತೆಂದು ಅಂಗಡಿ ಮುಚ್ಚಿ ಮನೆ ಸೇರಿದ ಮೇಲೆ ಟೈಲರ್ ತಾತನಿಗೆ ಕೈ ಕಟ್ಟಿಹಾಕಿದ ಹಾಗಾಗಿತ್ತು. ಕತ್ತರಿ ಇದೆ, ಬಿಚ್ಚಲು ಬಟ್ಟೆ ಇಲ್ಲ. ಅಷ್ಟರಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡದಿದ್ದರೆ ಗಾಡಿಯವರು ಮುಟ್ಟುವುದಿಲ್ಲ ಎಂಬ ಸುದ್ದಿ ಬಂತು. ಸೊಸೆ ತಲೆ ಮೇಲೆ ಕೈ ಹೊತ್ತು ಕೂತಳು. ತಾತ ಕನ್ನಡಕ ಏರಿಸಿದರು.

ಅಂದಿನಿಂದ ಆ ಮನೆಯ ಕಸಕ್ಕೆ ರಾಜಮರ್ಯಾದೆ. ಬೇರೆ ಮಾಡುವುದೆಂದರೆ ತಾತನ ಲೆಕ್ಕದಲ್ಲಿ ಹೊಲಿಗೆ ಬಿಚ್ಚುವುದು. ಲಕೋಟೆಗೆ ಅಂಟಿಸಿದ ಪ್ಲಾಸ್ಟಿಕ್ಕನ್ನು ಉಗುರಲ್ಲಿ ಎಬ್ಬಿಸಿ ಒಂದು ಕಡೆ, ಕಾಗದ ಇನ್ನೊಂದು ಕಡೆ. ಹರಿದ ಚೀಲದ ಜಿಪ್ಪು ಬೇರೆ, ಪಟ್ಟಿ ಬೇರೆ. ಹಾಲಿನ ಪ್ಯಾಕೆಟ್ಟನ್ನು ತೊಳೆದು, ಹಗ್ಗಕ್ಕೆ ಸಿಕ್ಕಿಸಿ, ಒಣಗಿದ ಮೇಲೆ ಅಂಗಿಯ ಹಾಗೆ ಮಡಿಸಿಡುವರು.

"ಮಾವ, ಒಂದು ಗುಂಡಿಯನ್ನೂ ಬಿಡಲ್ವಲ್ಲ ನೀವು!"

"ಅರೆಬರೆ ಕೆಲಸ ನನಗೆ ಬರಲ್ಲಮ್ಮ."

ಒಂದು ಬೆಳಿಗ್ಗೆ ಮೊಮ್ಮಗಳು ಶಾಲೆಗೆ ಹೊರಡುವಾಗ ತನ್ನ ಬಟ್ಟೆಯ ಆನೆಯನ್ನು ಕಸದ ಬುಟ್ಟಿಯ ಪಕ್ಕ ಕಾವಲಿಗೆ ನಿಲ್ಲಿಸಿ ಹೋದಳು. ಅದನ್ನು ತಬ್ಬಿಕೊಳ್ಳದೆ ಅವಳಿಗೆ ನಿದ್ದೆ ಬರುವುದಿಲ್ಲ. ಅದೇನು ತಾತನಿಗೆ ಗೊತ್ತಿಲ್ಲದ್ದಲ್ಲ. ಆದರೆ ಆನೆಯ ಹೊಟ್ಟೆ ಬಿರಿದು ಹತ್ತಿ ಇಣುಕುತ್ತಿತ್ತು. ಪಾಪ, ಕೊನೆಗೂ ಬೇಡವಾಯಿತೇನೋ ಅಂದುಕೊಂಡು ಕತ್ತರಿ ತಂದರು. ಬಹಳ ನಾಜೂಕಾಗಿ ಬಿಚ್ಚಿದರು. ಬಟ್ಟೆ ಬಟ್ಟೆಗೆ, ಹತ್ತಿ ಹತ್ತಿಗೆ, ಕಣ್ಣುಗಳು ಪ್ಲಾಸ್ಟಿಕ್ಕಿಗೆ. ಎಲ್ಲವೂ ಗಾಡಿ ಹತ್ತಿದವು.

ಗಾಡಿ ತಿರುವು ದಾಟಿತು, ಸೊಸೆ ಹೊರಗೆ ಬಂದಳು.

"ಮಾವ, ಇಲ್ಲಿದ್ದ ಆನೆ ಎಲ್ಲಿ?"

"ಕೊಟ್ಟಾಯ್ತಲ್ಲ."

"ಅಯ್ಯೋ, ಅದು ಕಸ ಅಲ್ಲ ಮಾವ, ಕಾವಲು! ಅವಳು ಬಂದು ಕೇಳಿದ್ರೆ ಏನು ಹೇಳ್ತೀರಿ?"

ತಾತನ ಮುಖ ಪೆಚ್ಚಾಯಿತು. ತಾತ ಹೇಳಿದ್ದೇ ಸರಿ ಅನ್ನುವವಳು ಆ ಮನೆಯಲ್ಲಿ ಮೊಮ್ಮಗಳೊಬ್ಬಳೇ. ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಸೊಸೆಯದು ಮೆಟ್ಟಿಕೊಂಡು ಬಿದ್ದಂಬೀಳ ಓಡಿದರು.

"ಏನ್ ತಾತ, ಕೊಟ್ಟ ಕಸ ವಾಪಸ್ ಬೇಕಾ?" ಗಾಡಿಯ ಹೆಂಗಸು ಸೊಂಟಕ್ಕೆ ಕೈಯಿಟ್ಟಳು.

"ನಮ್ಮ ಆನೆ ಬಂದುಬಿಟ್ಟಿದೆ ತಾಯಿ."

"ಆನೆ ಬಂದ್ರೆ ನನಗೆ ಕಾಣ್ತಿರಲಿಲ್ವಾ?"

"ಬಿಡಿಬಿಡಿಯಾಗಿ ಬಂದಿದೆ."

ಅವಳು ಬಿದ್ದುಬಿದ್ದು ನಕ್ಕು ಗಾಡಿಯ ಹಿಂಬದಿ ಹತ್ತಿದಳು. "ನಿಮ್ಮ ಚೀಲ ಹುಡುಕೋದೇನು ಕಷ್ಟ? ಇಸ್ತ್ರಿ ಮಾಡಿದ ಕಸ ಕೊಡೋರು ನೀವೊಬ್ರೇ!"

ಚೀಲ ಹಿಡಿದು ಮನೆಗೆ ಬಂದ ತಾತ ಊಟವನ್ನೂ ಮರೆತು ಆನೆಯನ್ನು ಹೊಲಿದರು. ಸಂಜೆ ಮೊಮ್ಮಗಳು ಆನೆಯನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಯಾವ ಗಿರಾಕಿ ಕನ್ನಡಿ ಮುಂದೆ ನಿಂತಾಗಲೂ ತಾತನ ಎದೆ ಹೀಗೆ ಹೊಡೆದುಕೊಂಡಿರಲಿಲ್ಲ.

"ಕಿವಿ ಹಿಂದುಮುಂದಾಗಿದೆ, ತಾತ."

"ನಾನೇ ಬಿಚ್ಚಿಬಿಟ್ಟಿದ್ದೆ ಪುಟ್ಟಿ. ಕೊಡಿಲ್ಲಿ, ಇನ್ನೊಂದು ಸಲ ಬಿಚ್ಚಿ..."

"ಬೇಡ!" ಆನೆಯನ್ನು ಅವಚಿಕೊಂಡು ಅವಳು ಗೋಡೆಗಂಟಿ ನಿಂತಳು. ತಾತನನ್ನು ಮೇಲಿಂದ ಕೆಳಗೆ ಅಳೆದಳು. "ಮೊದಲು ಕತ್ತರಿ ಅಮ್ಮನ ಹತ್ರ ಕೊಡು."

ತಾತ ಎದ್ದು ಹೋಗಿ ಕೊಟ್ಟು ಬಂದು ಕೂತರು. ಆಮೇಲೇ ಅವಳು ಮೆಲ್ಲಗೆ ಬಂದು, ಆನೆಯ ಸಮೇತ ಅವರ ತೊಡೆಯೇರಿದಳು.