ಗುನ್ವೋರಳ ಗುರುವಾರ

ನಮ್ಮ ಕಟ್ಟಡದ ಎರಡನೇ ಮಹಡಿಯ ಗುನ್ವೋರ್‌ಗೆ ಎಪ್ಪತ್ತಾರು ವರ್ಷ. ಅವಳ ಕಂಪ್ಯೂಟರಿಗೆ ಹದಿನೆಂಟು. ಎರಡರಲ್ಲಿ ಯಾವುದೂ ಅಪ್‌ಡೇಟ್ ಆಗಲು ಒಪ್ಪಿಲ್ಲ. ಕಂಪ್ಯೂಟರಿನ ಒಂದು ಪಕ್ಕದ ತಗಡನ್ನು ಬಿಚ್ಚಿಟ್ಟಿದ್ದಾಳೆ. ಒಳಗೆ ಧೂಳು ಕೂತರೆ ಗಂಡ ಸಿಕ್ಸ್ಟೆನ್‌ನ ಹಳೆಯ ಶೇವಿಂಗ್ ಬ್ರಷ್ಷಿನಿಂದ ಗುಡಿಸುತ್ತಾಳೆ. ಸಿಕ್ಸ್ಟೆನ್ ಹೋಗಿ ಆರು ವರ್ಷವಾಯಿತು, ಬ್ರಷ್ಷು ಇನ್ನೂ ಕೆಲಸದಲ್ಲಿದೆ.

ಯೆವ್ಲೆ ಊರಿನ ಕಾಗದದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಯಂತ್ರದ ಮುಂದೆ ನಿಂತವಳು ಅವಳು. ಸಾಫ್ಟ್‌ವೇರ್ ಮಂದಿಯ ಬಗ್ಗೆ ಅವಳ ಅಭಿಪ್ರಾಯ ಕೇಳಬೇಕೆಂದೇನಿಲ್ಲ, ಮೆಟ್ಟಿಲ ಮೇಲೆ ಎದುರಿಗೆ ಸಿಕ್ಕರೆ ಸಾಕು.

"ನನ್ನ ಯಂತ್ರ ನಿಲ್ಲಿಸೋ ಕೆಂಪು ಗುಂಡಿ ಮೂವತ್ತೊಂದು ವರ್ಷ ಇದ್ದಲ್ಲೇ ಇತ್ತು. ಅದಕ್ಕೇ ನನಗಿನ್ನೂ ಹತ್ತು ಬೆರಳಿವೆ. ಇವ್ರು ತಿಂಗಳಿಗೊಂದು ಸಲ ಗುಂಡಿ ಕಿತ್ತು ಬೇರೆ ಕಡೆ ಇಡ್ತಾರೆ. ಆಮೇಲೆ ಖುಷಿ ಆಯ್ತಾ, ಎಷ್ಟು ನಕ್ಷತ್ರ ಕೊಡ್ತೀಯ ಅಂತ ಬೇರೆ ಕೇಳ್ತಾರೆ!"

ಇನ್ನೊಂದು ದಿನ ಕಸದ ಡಬ್ಬಿಯ ಹತ್ತಿರ ನನ್ನನ್ನು ಹಿಡಿದು ನಿಲ್ಲಿಸಿದಳು. "ಕುರ್ಚಿ ಮಾಡ್ದ ಬಡಗಿ ವಾರಕ್ಕೊಂದು ಸಲ ಮನೆಗೆ ಬಂದು, ಏಳಮ್ಮ ಮೇಲೆ, ಇನ್ನೊಂದು ಕಾಲು ಸೇರಿಸ್ಬೇಕು ಅಂತಾನಾ? ಅಂದ್ರೆ ಏನು ಮಾಡ್ತೀಯ ನೀನು?"

"ಬಾಗಿಲು ಹಾಕ್ಕೋತೀನಿ," ಅಂದೆ.

"ನಾನೂ ಅದೇ ಮಾಡಿದ್ದೀನಿ," ಎಂದು ಚೀಲ ಡಬ್ಬಿಗೆ ಎಸೆದಳು.

ಅವಳಿಗೆ ಕಂಪ್ಯೂಟರ್ ಕಂಡರಾಗದು ಎಂದುಕೊಂಡರೆ ತಪ್ಪು. ನನ್ನ ಕೆಟ್ಟ ಪ್ರಿಂಟರನ್ನು ಎರಡು ಸಲ ಬದುಕಿಸಿದವಳು ಅವಳೇ. ಹೇಳದೆ ಕೇಳದೆ ಕಂಪ್ಯೂಟರಿನೊಳಕ್ಕೆ ನುಗ್ಗಿ ಸಾಮಾನು ಸರಿಸುವವರ ಮೇಲಷ್ಟೇ ಅವಳ ಸಿಟ್ಟು.

ಈ ಸಿಟ್ಟು ಮೆಟ್ಟಿಲ ಮೇಲೆ ಹುಟ್ಟಿ ಅಲ್ಲೇ ಆರುತ್ತಿತ್ತು. ಕಳೆದ ಮಾರ್ಚಿನಲ್ಲಿ ಅದು ನೆಲಮಾಳಿಗೆಗೆ ಇಳಿಯಿತು. ಅಲ್ಲಿರುವುದು ಇಡೀ ಕಟ್ಟಡಕ್ಕೆ ಒಂದೇ ಆದ ಬಟ್ಟೆ ಒಗೆಯುವ ಕೋಣೆ. ಬಾಗಿಲ ಪಕ್ಕದಲ್ಲಿ ಮರದ ಹಲಗೆ. ಹಲಗೆಯಲ್ಲಿ ತಿಂಗಳ ಒಂದೊಂದು ದಿನಕ್ಕೂ ಮೂರು ಗಂಟೆಗೊಂದರಂತೆ ಒಂದು ಸಾಲು ತೂತು, ಮನೆಗೊಂದು ಪುಟ್ಟ ಬೀಗ. ಬೇಕಾದ ಹೊತ್ತಿನ ತೂತಿಗೆ ಬೀಗ ಸಿಕ್ಕಿಸಿದರೆ ಆ ಮೂರು ಗಂಟೆ ನಿಮ್ಮದು, ದೇವರೇ ಕೊಳೆಬಟ್ಟೆ ಹೊತ್ತು ಬಂದರೂ ಹೊರಗೆ ಕಾಯಬೇಕು. ಐದು ನಿಮಿಷ ಹೆಚ್ಚು ತೆಗೆದುಕೊಂಡವರ ಹೆಸರಿಗೆ ಮರುದಿನ ಗೋಡೆಯ ಮೇಲೆ ಚೀಟಿ ಬೀಳುತ್ತದೆ. ನಮ್ಮಲ್ಲಿ ಜಗಳವನ್ನು ಬಾಯಲ್ಲಿ ಆಡುವುದಿಲ್ಲ, ಅಂಟಿಸುತ್ತೇವೆ.

ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷ ಹಂಪುಸ್. ಮೂವತ್ತರ ಹುಡುಗ, ಒಳ್ಳೆಯವನೇ, ಯಾವುದೋ ಕಂಪನಿಯಲ್ಲಿ ಆ್ಯಪ್ ಮಾಡುವ ಕೆಲಸ. ಹಲಗೆ ತೆಗೆದು ಆ್ಯಪ್ ತರೋಣ ಎಂದು ಎಲ್ಲರಿಗೂ ಇಮೇಲ್ ಕಳಿಸಿದ. ಯಾರು ಯಾವಾಗ ಒಗೆಯಬೇಕೆಂದು ಅದೇ ಲೆಕ್ಕ ಹಾಕಿ ಎಲ್ಲರಿಗೂ ನ್ಯಾಯವಾಗಿ ಹಂಚುತ್ತದಂತೆ. ಸಂಘದ ಕಾರ್ಯದರ್ಶಿಯಾದ ನನಗೆ ಮೊದಲ ಉತ್ತರ ಬಂದದ್ದು ಗುನ್ವೋರಳಿಂದ: "ಕೆಳಗೆ ಬಾ."

ಇಳಿದು ಹೋದೆ. ಅದು ಗುರುವಾರ, ಒಂದು ಗಂಟೆಗೆ ಹತ್ತು ನಿಮಿಷವಿತ್ತು. ಅವಳ ಹೊತ್ತು ಒಂದಕ್ಕೆ ಮುಗಿಯುತ್ತದೆ, ಆಮೇಲಿನದು ನಾಲ್ಕನೇ ಮಹಡಿಯ ಫೋಲ್ಕೆಯದು. ಆ ಮುದುಕ ಆಗಲೇ ಬಂದಿದ್ದ. ಇಬ್ಬರೂ ಹಾಸಿಗೆಯ ಬಟ್ಟೆಯೊಂದರ ಎರಡು ತುದಿ ಹಿಡಿದು ಎದುರುಬದುರು ನಿಂತು, ಮಡಿಸುವ ಮುಂಚೆ ನೇರವಾಗಲೆಂದು ಜಗ್ಗುತ್ತಿದ್ದರು. ಅದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ನಾಲ್ಕು ಬಟ್ಟೆ ಮಡಿಸಿ, ಒಂದು ಮಾತಿಲ್ಲದೆ ಫೋಲ್ಕೆ ತನ್ನ ಬುಟ್ಟಿಯ ಕಡೆ ಹೋದ.

ಗುನ್ವೋರ್ ನನ್ನನ್ನು ಮೆಟ್ಟಿಲ ಕೆಳಗೆ ಎಳೆದುಕೊಂಡು ಹೋಗಿ ದನಿ ತಗ್ಗಿಸಿದಳು. "ಸಿಕ್ಸ್ಟೆನ್ ಸತ್ತ ಮೇಲೆ ಇನ್ನೊಂದು ತುದೀನ ಬಾಗಿಲ ಹಿಡಿಗೆ ಕಟ್ಟಿ ಜಗ್ತಿದ್ದೆ. ಇವನು ಒಂದಿನ ಬಂದು ನೋಡ್ದ. ಗಂಟು ಬಿಚ್ಚಿ ತುದಿ ತಾನೇ ಹಿಡ್ಕೊಂಡ. ಅವತ್ತಿಂದ ಎರಡು ವಾರಕ್ಕೊಂದು ಗುರುವಾರ ತಪ್ಪಿಸಿಲ್ಲ."

"ಹಾಗಾದ್ರೆ ಅವನ ಮನೆಗೆ ಹೋಗಿ ಕಾಫಿ ಕುಡಿಯೋದು ತಾನೆ?"

"ಏನಂತ ಹೋಗ್ಲಿ? ಬಾಗಿಲು ತಟ್ಟಿ, ಹಾಸಿಗೆ ಬಟ್ಟೆ ತಂದಿದ್ದೀನಿ ಅನ್ಲಾ?" ರೇಗಿದಳು. ಆಮೇಲೆ ಮುಖ ಬೇರೆ ಕಡೆ ತಿರುಗಿಸಿದಳು. "ಆ ಆ್ಯಪ್ ನನ್ನನ್ನ ಮಂಗಳವಾರಕ್ಕೆ ಹಾಕುತ್ತೆ, ಅವನನ್ನ ಶನಿವಾರಕ್ಕೆ. ಆ ಹತ್ತು ನಿಮಿಷ ಬಿಟ್ರೆ ನನ್ನ ಹತ್ರ ಇನ್ನೇನಿದೆ ಹೇಳು."

'ಹಲಗೆ ಇದ್ದಲ್ಲೇ ಇರಲಿ, ಆ್ಯಪ್ ಬೇಡ' ಎಂಬ ಅವಳ ಗೊತ್ತುವಳಿಯನ್ನು ವಾರ್ಷಿಕ ಸಭೆಯ ಪಟ್ಟಿಗೆ ಸೇರಿಸಿದೆ. ಗೆಲ್ಲುವುದಿಲ್ಲವೆಂದು ಗೊತ್ತಿತ್ತು. ಇಪ್ಪತ್ತಾರು ಮನೆಗಳಲ್ಲಿ ಇಪ್ಪತ್ತು ಮನೆಗೆ ಆ್ಯಪ್ ಬೇಕಿತ್ತು, ನಿಜ ಹೇಳಬೇಕೆಂದರೆ ನನಗೂ.

ಏಪ್ರಿಲಿನ ಒಂದು ಶನಿವಾರ ಮಧ್ಯಾಹ್ನ ಎರಡಕ್ಕೆ ಸಭೆ. ಆರು ತಿಂಗಳ ಚಳಿಗಾಲದ ಕತ್ತಲೆ ಕಳೆದು ಮೊದಲ ಬಿಸಿಲು ಬಿದ್ದ ದಿನವೇ ನಾವು ನೆಲಮಾಳಿಗೆಯಲ್ಲಿ ಕೂತಿದ್ದೆವು. ಹಿಂದಿನ ಮೇಜಿನ ಮೇಲೆ ಫ್ಲಾಸ್ಕುಗಳಲ್ಲಿ ಕಾಫಿ, ಬಟ್ಟೆ ಮುಚ್ಚಿದ ಚಕ್ಕೆಯ ಬನ್ನು. ಪಟ್ಟಿ ಮುಗಿಯುವ ತನಕ ಅದನ್ನು ಯಾರೂ ಮುಟ್ಟುವಂತಿಲ್ಲ. ಉಳಿದದ್ದೆಲ್ಲ ಕಾಲು ಗಂಟೆಯಲ್ಲಿ ಮುಗಿಯಿತು. ಹಂಪುಸ್ "ಸಭೆಗೆ ಒಪ್ಪಿಗೆಯೇ?" ಎನ್ನುತ್ತಾನೆ, ನಾವು "ಹೌದು" ಎನ್ನುತ್ತೇವೆ, ಅವನು ಸುತ್ತಿಗೆ ಬಡಿಯುತ್ತಾನೆ. ಬಡಿದ ಮೇಲೆ ಮುಂದಿನ ವರ್ಷದ ತನಕ ಮಾತಿಲ್ಲ.

ಕೊನೆಗೆ ಉಳಿದದ್ದು ಗುನ್ವೋರಳ ಗೊತ್ತುವಳಿ. ಕಾಗದದ ಕಟ್ಟು ಹಿಡಿದು ಎದ್ದಳು.

"ಇದು ಆ ಆ್ಯಪಿನ ಷರತ್ತು. ಮೂವತ್ತನಾಲ್ಕು ಪುಟ. ಓದಿದೋರು ಕೈ ಎತ್ತಿ."

ಒಂದು ಕೈಯೂ ಏಳಲಿಲ್ಲ. "ಇಮೇಲಲ್ಲಿ ಎಲ್ರಿಗೂ ಕಳ್ಸಿದ್ದೆ," ಅಂದ ಹಂಪುಸ್.

"ನೀನು ಓದಿದ್ಯಾ?"

ಹಂಪುಸ್ ಫ್ಲಾಸ್ಕಿನ ಕಡೆ ನೋಡಿದ.

"ಸರಿ ಹಾಗಾದ್ರೆ," ಎಂದು ಕನ್ನಡಕ ಏರಿಸಿ ಮೊದಲ ಪುಟದಿಂದ ಶುರು ಮಾಡಿದಳು.

ನಮ್ಮ ಜನ ಏನನ್ನಾದರೂ ಮಾಡಿಯಾರು, ಸರದಿಯಲ್ಲಿ ಮಾತಾಡುತ್ತಿರುವವರನ್ನು ಅರ್ಧಕ್ಕೆ ತಡೆಯಲಾರರು. ಒಂಬತ್ತನೇ ಪುಟಕ್ಕೆ ಕುರ್ಚಿಗಳು ಕಿರುಗುಟ್ಟಿದವು. ಹದಿನೈದಕ್ಕೆ ಯಾರದೋ ಹೊಟ್ಟೆ ಕೂಗಿತು. ಮೂರನೇ ಮಹಡಿಯ ಹೆಂಗಸು ಬನ್ನಿನ ವಾಸನೆ ಬರುವ ಕಡೆಗೇ ಮೂಗು ತಿರುಗಿಸಿ ಕೂತೇಬಿಟ್ಟಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದರೆ ಏನೆಂದು ನನಗೆ ಅವತ್ತು ಅರ್ಥವಾಯಿತು. ಫೋಲ್ಕೆ ಬಾಗಿಲ ಬಳಿ ಕಣ್ಣು ಮುಚ್ಚಿ ಕೂತಿದ್ದ, ನಿದ್ದೆ ಹೋಗಿದ್ದಾನೆಂದುಕೊಂಡೆವು. ಗುನ್ವೋರ್ ಒಂದೇ ದನಿಯಲ್ಲಿ ಓದುತ್ತಲೇ ಇದ್ದಳು. ಎತ್ತರದ ಪುಟ್ಟ ಕಿಟಕಿಯ ಬಿಸಿಲು ಗೋಡೆಯಿಂದ ಜಾರಿ ಹೊರಟುಹೋಯಿತು.

ಓದಲು ಶುರು ಮಾಡಿ ಎರಡು ಗಂಟೆ ಹತ್ತು ನಿಮಿಷವಾದ ಮೇಲೆ ಕೊನೆಯ ಪುಟ ಮಗುಚಿ ಕೂತಳು. ಹಂಪುಸ್‌ನ ಕಣ್ಣು ಕೆಂಪಾಗಿತ್ತು. ಪಟ್ಟಿಯ ಮೇಲೆ ಬೆರಳಿಟ್ಟು ಬೆರಳ ಕೆಳಗಿದ್ದುದನ್ನು ಓದಿದ.

"ಗುನ್ವೋರಳ ಗೊತ್ತುವಳಿ. ಸಭೆಗೆ ಒಪ್ಪಿಗೆಯೇ?"

"ಹೌದು!" ಇಡೀ ಕೋಣೆ ಒಟ್ಟಿಗೆ ಕೂಗಿತು. ನಾನೂ ಕೂಗಿದೆ. ಅರ್ಧ ಜನ ಆಗಲೇ ಮೇಜಿನ ಕಡೆ ಹೊರಟಿದ್ದರು. ಹಂಪುಸ್ ರೂಢಿಯಂತೆ ಸುತ್ತಿಗೆ ಬಡಿದ.

ಒಂದು ಗಳಿಗೆ ಬಿಟ್ಟು ಅವನ ಮುಖ ಬಿಳಿಚಿತು. "ಅಲ್ಲ... ತಡೀರಿ... ನಾವೀಗ ಯಾವುದಕ್ಕೆ ಹೌದು ಅಂದ್ವಿ?"

"ಓದದೆ ಒಪ್ಪಿದ್ರಿ," ಅಂದಳು ಗುನ್ವೋರ್, ಎಲ್ಲರಿಗಿಂತ ಮೊದಲು ಬನ್ನು ಎತ್ತಿಕೊಂಡು. "ದಿನಾ ಮಾಡೋದೇ ಅಲ್ವಾ?"

ಮಾಡಿದ್ದುಣ್ಣೋ ಮಹಾರಾಯ. ನಡಾವಳಿಯಲ್ಲಿ 'ಸರ್ವಾನುಮತದಿಂದ' ಎಂದು ಬರೆದೆ, ಬರೆಯುವಾಗ ನಗು ತಡೆಯಲಾಗಲಿಲ್ಲ.

ಮುಂದಿನ ಗುರುವಾರ ನಡಾವಳಿಯನ್ನು ಹಲಗೆಯ ಪಕ್ಕ ಅಂಟಿಸಲು ಕೆಳಗೆ ಹೋದೆ. ಒಂದಕ್ಕೆ ಎರಡು ನಿಮಿಷವಿತ್ತು. ಇಬ್ಬರೂ ಕೊನೆಯ ಬಟ್ಟೆ ಜಗ್ಗುತ್ತಿದ್ದರು.

"ಸಭೇಲಿ ನೀನು ಇಪ್ಪತ್ತೇಳನೇ ಪುಟ ಎರಡು ಸಲ ಓದ್ದೆ," ಅಂದ ಫೋಲ್ಕೆ.

"ಏನಂದೆ?"

"ಇಪ್ಪತ್ತೇಳು ಎರಡು ಸಲ ಆಯ್ತು. ಮೂವತ್ತು ಬಿಟ್ಟುಬಿಟ್ಟೆ."

ಗುನ್ವೋರಳ ಕೈಯಿಂದ ತುದಿ ಜಾರಿತು. ಒಗೆದ ಬಿಳಿ ಬಟ್ಟೆ ಒದ್ದೆ ನೆಲಕ್ಕೆ ಬಿತ್ತು. ಅಷ್ಟರಲ್ಲಿ ಒಂದು ಗಂಟೆಯಾಯಿತು, ಅವಳ ಹೊತ್ತು ಮುಗಿಯಿತು.

ಫೋಲ್ಕೆ ಬಗ್ಗಿ ಬಟ್ಟೆ ಎತ್ತಿಕೊಂಡ, ಯಂತ್ರದ ಬಾಗಿಲು ತೆರೆದ. "ನನ್ನ ಹೊತ್ತಲ್ಲೇ ಹಾಕು," ಅಂದ. "ಆಗೋವರೆಗೂ ಕೂತ್ಕೋ."

ಇಪ್ಪತ್ತು ವರ್ಷದಲ್ಲಿ ನಮ್ಮ ಕಟ್ಟಡದಲ್ಲಿ ತನ್ನ ಹೊತ್ತನ್ನು ಇನ್ನೊಬ್ಬರಿಗೆ ಕೊಟ್ಟವರನ್ನು ನಾನು ಕಂಡಿಲ್ಲ. ಇಬ್ಬರನ್ನೂ ಅಲ್ಲೇ ಬಿಟ್ಟು, ನಡಾವಳಿಯನ್ನು ಅಂಟಿಸದೆ, ಹಿಡಿದುಕೊಂಡೇ ಮೇಲೆ ಬಂದೆ.