ಬೂಸಾ ಲಾರಿಯ ಡಾಕ್ಟರು

ನಮ್ಮ ಪಶು ಆಹಾರದ ಕಾರ್ಖಾನೆ ಪಾಂಡವಪುರದ ಒಂದು ಮನೆತನದ ಕೈಯಲ್ಲಿದ್ದಾಗ, ಸಂತೆ ದಿನ ಸಂತೆಬಾಚಹಳ್ಳಿಗೆ ಹೋಗುವ ಬೂಸಾ ಲಾರಿಯಲ್ಲಿ ಡ್ರೈವರ್ ಪಕ್ಕ ಒಬ್ಬ ಪಶುವೈದ್ಯರೂ ಕೂತಿರುತ್ತಿದ್ದರು. ಮೂಟೆ ಇಳಿಯುವಷ್ಟು ಹೊತ್ತು ಅವರು ಪುಕ್ಕಟೆಯಾಗಿ ದನ ನೋಡುತ್ತಿದ್ದರು. "ದನ ಚೆಂದಾಗಿದ್ರೆ ತಾನೆ ಕಣ್ಲಾ ನಮ್ ಬೂಸಾ ಓಗೋದು?" ಎನ್ನುತ್ತಿದ್ದರು ಹಳೆಯ ಯಜಮಾನರು. ಅದಕ್ಕೆ ಸಾಮಾಜಿಕ ಹೊಣೆಗಾರಿಕೆ ಎಂಬ ದೊಡ್ಡ ಹೆಸರಿದೆಯೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದರು.

ಅವರು ತೀರಿಕೊಂಡ ಮೇಲೆ ಮಕ್ಕಳು ಪಾಲು ಮಾರಿದರು, ಕಂಪನಿ ಹೊರಗಿನವರದಾಯಿತು. ಆಫೀಸಿನಲ್ಲಿ ನಾಲ್ಕಕ್ಷರ ಬರೆಯಬಲ್ಲವನು ನಾನೇ ಎಂದು ಹೊಣೆಗಾರಿಕೆಯ ವಾರ್ಷಿಕ ವರದಿಯನ್ನು ನನ್ನ ತಲೆಗೆ ಕಟ್ಟಿದರು. ಮೊದಲು ಬರೆದದ್ದೇ ಡಾಕ್ಟರ ವಿಷಯ. ಲೆಕ್ಕದವರು ಹೊಡೆದುಹಾಕಿದರು: ನಮ್ಮ ಗಿರಾಕಿಗಳ ದನಕ್ಕೆ ಮದ್ದು ಕೊಟ್ಟರೆ ಅದು ಸೇವೆಯಲ್ಲ, ವ್ಯಾಪಾರ. ಸರಿ, ವ್ಯಾಪಾರದ ಖರ್ಚಿಗೇ ಹಾಕಿ ಎಂದು ಮಾರಾಟದವರ ಹತ್ತಿರ ಹೋದೆ. ಇದು ಸೇವೆ, ನಮ್ಮದಲ್ಲ ಅಂದರು ಅವರು. ಇಬ್ಬರ ನಡುವೆ ಡಾಕ್ಟರು ಲಾರಿಯಿಂದ ಇಳಿದುಹೋದರು. ಬದಲಿಗೆ ಸಂತೆಮಾಳದ ಪಕ್ಕ ಕಂಪನಿಯ ಹೆಸರು ಹೊತ್ತ ಬಸ್ ತಂಗುದಾಣ ಎದ್ದಿತು. ಲಾಭ ಇಳಿಯಲಿಲ್ಲ, ಏರಿತು. ಇನ್ನು ಯಾವ ಬಾಯಿಂದ ವಾದ ಮಾಡಲಿ?

ಹೋದ ವರ್ಷ ವರದಿಗೆ ಆ ತಂಗುದಾಣದ ಫೋಟೊ ಬೇಕೆಂದು ಲಾರಿಯಲ್ಲೇ ಹೋದೆ. ಆ ಊರಿಗೆ ಕೊಟ್ಟಿರುವ ನನ್ನಕ್ಕ ಲಾರಿ ನಿಲ್ಲುವ ಜಾಗದಲ್ಲಿ ಹಸು ಹಿಡಿದು ನಿಂತಿದ್ದಳು. ಹಸುವಿಗೆ ಹೊಟ್ಟೆ ಉಬ್ಬರ, ಬಾಯಲ್ಲಿ ಜೊಲ್ಲು. ಡಾಕ್ಟರು ಬರುವುದಿಲ್ಲವೆಂದು ಎಷ್ಟೋ ಸಲ ಹೇಳಿದ್ದೆ. ಆದರೂ ದನ ಕಾಯಿಲೆ ಬಿದ್ದರೆ ಲಾರಿಯ ಹತ್ತಿರ ಹೊಡೆದುಕೊಂಡು ಬರುವ ರೂಢಿ ಆ ಊರಿನವರಿಗೆ ಹೋಗಿರಲಿಲ್ಲ.

"ಬಂದ್ಯೇನ್ಲಾ? ಡಾಕ್ಟ್ರು ಎಲ್ಲವ್ರೆ? ಬೇಗ ಇಳ್ಸು."

"ಬರಾಕಿಲ್ಲ ಕಣಕ್ಕ. ನಿಲ್ಲಿಸ್ಬುಟ್ರು ಅಂತ ಏಳಿದ್ನಲ್ಲ."

"ನೀನು ಆಪೀಸ್ನಲ್ಲಿದ್ದೂ ಇಂಗಾ? ಪೋನಾದ್ರೂ ಮಾಡ್ಲಾ."

ಮಾಡಿದೆ. ಬೇರೆ ಹಳ್ಳಿಯಲ್ಲಿದ್ದ ಸರ್ಕಾರಿ ಡಾಕ್ಟರು ಹೊರಟೆ ಅಂದರು. ನಮ್ಮ ಹಳೆಯ ಡಾಕ್ಟರು ಈಗ ನಾಗಮಂಗಲದಲ್ಲಿ. ಎಣ್ಣೆ ಕುಡಿಸಿ, ಮುಂಗಾಲು ಎತ್ತರಕ್ಕೆ ನಿಲ್ಲಿಸಿ ಎಂದು ಫೋನಿನಲ್ಲೇ ಹೇಳಿದರು. ತಂಗುದಾಣದ ಕಟ್ಟೆಗೆ ಹಸುವಿನ ಮುಂಗಾಲು ಹತ್ತಿಸಿದೆವು. ಹಸು ತಲೆ ಕೊಡವಿ ಅರ್ಧ ಎಣ್ಣೆ ನನ್ನ ಅಂಗಿಯ ಮೇಲೇ ಚೆಲ್ಲಿತು. ಸರ್ಕಾರಿ ಡಾಕ್ಟರ ಬೈಕು ಬರುವ ಮೊದಲೇ ಹಸು ಕುಸಿದು ಪ್ರಾಣ ಬಿಟ್ಟಿತು. ಅಕ್ಕ ಅದರ ಕೊರಳು ತಬ್ಬಿಕೊಂಡು ಅತ್ತಳು. ನನಗೂ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ರೇಗುವುದು? ಮಾರಿದವರು, ಕೊಂಡವರು, ಎಲ್ಲರೂ ಕಾನೂನಿನಂತೆಯೇ ನಡೆದಿದ್ದರು.

ಲಾರಿ ಹೊರಡುವಾಗ ಅಕ್ಕ ಎದ್ದು ಬಂದು ಸೆರಗಿನ ಗಂಟು ಬಿಚ್ಚಿದಳು.

"ಒಂದು ಮೂಟೆ ಇಳ್ಸು."

"ಈಗ್ಯಾಕಕ್ಕ?"

"ಮನೇಲಿ ಇನ್ನೊಂದು ಅದೆಯಲ್ಲ. ಅದು ಉಪಾಸ ಇರಾದಾ?"

ಮೂಟೆ ಹೊತ್ತು ಅವಳ ಹಿಂದೆ ನಡೆದೆ. ಅವತ್ತೂ ನಮ್ಮ ವ್ಯಾಪಾರ ಒಂದು ಮೂಟೆಯಷ್ಟೂ ಕಮ್ಮಿಯಾಗಲಿಲ್ಲ.