ಕರೆಂಟು ಕುಡಿದ ಹಸು

ನಮ್ಮತ್ತೆ ಕೊಟ್ಟಿಗೆಗೆ ಚಪ್ಪಲಿ ಮೆಟ್ಟಿ ಹೋದವರೇ ಅಲ್ಲ. ಹಸು ನಿಲ್ಲುವ ಜಾಗ ಲಕ್ಷ್ಮಿ ನಿಲ್ಲುವ ಜಾಗ ಎನ್ನುತ್ತಿದ್ದರು. ನಾನೋ, ಹೊಸೂರಿನಲ್ಲಿ ಮೂರು ದಿನ ಹಸು ಸಾಕಾಣಿಕೆಯ ತರಬೇತಿ ಮುಗಿಸಿ ಬಂದ ಸೊಸೆ. ಮೊಣಕಾಲುದ್ದದ ರಬ್ಬರ್ ಬೂಟು ತಂದುಕೊಂಡು, ಗಂಜಲದಲ್ಲಿ ನಿಂತರೆ ಕಾಲು ಕೊಳೆಯುತ್ತದೆ ಎಂದು ಅವರಿಗೇ ಪಾಠ ಹೇಳಿದೆ. ನಲವತ್ತು ವರ್ಷ ನಿಂತ ಕಾಲಿದು, ಎಲ್ಲಿ ಕೊಳೆತಿದೆ ತೋರಿಸು ಎಂದು ಅವರು ಸೀರೆ ಎತ್ತಿ ನಿಂತರು. ಈ ವಿಷಯಕ್ಕೆ ನಮ್ಮಿಬ್ಬರಿಗೂ ದಿನಾ ಜಟಾಪಟಿ.

ಆಗ ನಮಗೆ ಆರು ಸೀಮೆ ಹಸು. ಗಂಡ ಹೊಸೂರಿನ ಫ್ಯಾಕ್ಟರಿಗೆ ಶಿಫ್ಟಿಗೆ ಹೋಗುತ್ತಿದ್ದರಿಂದ ಕೊಟ್ಟಿಗೆ ನನ್ನದೂ ಅತ್ತೆಯದೂ. ಜವಳಗಿರಿ ರಸ್ತೆಯ ನಮ್ಮೂರಲ್ಲಿ ಕರೆಂಟು ಬಂದಷ್ಟು ಹೊತ್ತಿನಲ್ಲೇ ಮೇವು ಕತ್ತರಿಸಬೇಕು, ಕ್ಯಾನು ತೊಳೆಯಲು ನೀರು ಕಾಯಿಸಬೇಕು. ನೀರು ಕಾಯಿಸುವ ರಾಡಿಗೆ ಮನೆಯಿಂದ ವೈರು ಎಳೆದವಳು ನಾನೇ. ಜೋತು ಬೀಳದಿರಲಿ ಎಂದು, ಹಸುಗಳ ನೀರಿನ ತೊಟ್ಟಿಗೆ ಹೋಗುವ ಕಬ್ಬಿಣದ ಪೈಪಿಗೆ ಅದನ್ನು ಹಳೇ ಸೀರೆಯ ಅಂಚಿನಿಂದ ಉದ್ದಕ್ಕೂ ಬಿಗಿದು ಕಟ್ಟಿದ್ದೆ. ನೀಟಾಗಿದೆ ಎಂದು ಗಂಡನಿಂದ ಹೊಗಳಿಸಿಕೊಂಡೂ ಇದ್ದೆ.

ತೊಟ್ಟಿಯ ಪಕ್ಕ ಕಟ್ಟುತ್ತಿದ್ದ ಕಪ್ಪು ಹಸು ಆ ಬೇಸಿಗೆಯಲ್ಲಿ ಕೆಟ್ಟುಹೋಯಿತು. ನೀರಿಗೆ ಬಾಯಿಟ್ಟರೆ ತಟ್ಟನೆ ತಲೆ ಎಳೆದುಕೊಳ್ಳುತ್ತಿತ್ತು. ಹಾಲು ಅರ್ಧಕ್ಕೆ ಇಳಿಯಿತು. ಕರೆಯಲು ಕೂತರೆ ಒದೆತ. ಪಶುವೈದ್ಯರು ಬಾಯಿ, ಕೆಚ್ಚಲು ಎಲ್ಲ ನೋಡಿ ಏನೂ ಇಲ್ಲ ಎಂದರು. ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ನಾನು ಕೋಲು ತೆಗೆದುಕೊಂಡೆ. ಹಿಂಗಾಲು ಕಟ್ಟಿಹಾಕಿ ಹೊಡೆದೆ. ಒಂದು ದಿನವಲ್ಲ, ದಿನಾ ಹೊಡೆದೆ. ದಂಡಂ ದಶಗುಣಂ ಎಂದು ಮೇಲೆ ಗಾದೆ ಬೇರೆ.

ಅದೇ ದಿನಗಳಲ್ಲಿ ಅತ್ತೆ, ತೊಟ್ಟಿ ತಿಕ್ಕುವಾಗ ಕಾಲಿಗೆ ಜೋಮು ಹಿಡಿಯುತ್ತದೆ ಎನ್ನತೊಡಗಿದರು. ಜೋಮು ಎಂದ ಕೂಡಲೇ ನನಗೆ ಹೊಳೆದದ್ದು ಸಕ್ಕರೆ ಕಾಯಿಲೆ. ಆಸ್ಪತ್ರೆಗೆ ಎಳೆದುಕೊಂಡು ಹೋಗಿ ರಕ್ತ ಕೊಡಿಸಿದೆ. ಸಕ್ಕರೆ ಇಲ್ಲ ಎಂದರು. ಡಾಕ್ಟರಿಗಿಂತ ನಾನು ಜಾಣೆಯಲ್ಲವೇ, ಅವರ ಕಾಫಿಗೆ ಸಕ್ಕರೆ ನಿಲ್ಲಿಸಿಬಿಟ್ಟೆ.

ಕೊನೆಗೆ ಹಸುವನ್ನು ದಲ್ಲಾಳಿಗೆ ಕೊಡುವುದೆಂದು ಮಾತಾಡಿದೆ. ಒದೆಯುವ ಹಸುವನ್ನು ಕರಾವಿಗೆಂದು ಯಾರೂ ಕೊಳ್ಳುವುದಿಲ್ಲ. ಲಾರಿಗೆ ಹತ್ತಿಸುತ್ತೇನೆ ಎಂದ. ಆ ಲಾರಿ ಎಲ್ಲಿಗೆ ಹೋಗುತ್ತದೆಂದು ಊರಿಗೆಲ್ಲ ಗೊತ್ತು. ಅತ್ತೆ ಎರಡು ಹೊತ್ತು ಊಟ ಬಿಟ್ಟರು. ನಾನು ಜಗ್ಗಲಿಲ್ಲ.

ಲಾರಿ ಬರುವುದಕ್ಕೆ ಒಂದು ದಿನ ಮುಂಚೆ, ಬೆಳಗ್ಗೆ ಹತ್ತರ ಸುಮಾರಿಗೆ, ಕೃಷ್ಣಗಿರಿಯಿಂದ ಸೋಲಾರ್‌ನವರು ಬಂದರು. ರಾಡಿನ ಸಹವಾಸ ಸಾಕಾಗಿ, ಬಿಸಿಲಲ್ಲೇ ನೀರು ಕಾಯಿಸೋಣ ಎಂದು ನಾನೇ ಹೇಳಿಕಳಿಸಿದ್ದೆ. ಕನ್ನಡಕದ ಹಿರಿಯರು, ತಮಿಳಿನಲ್ಲಿ ಕನ್ನಡ ಬೆರೆಸಿ ಮಾತಾಡುವವರು. ಸೂರು ನೋಡುವ ಮೊದಲು ಈಗ ಕರೆಂಟು ಎಲ್ಲೆಲ್ಲಿ ಹೋಗುತ್ತಿದೆ ನೋಡಬೇಕು, ತೂತು ಬಿಂದಿಗೆಗೆ ಎಷ್ಟು ನೀರು ಹೊಯ್ದರೇನು ಎಂದರು. ಬಲ್ಬು, ಫ್ಯಾನು, ಮೇವಿನ ಮಿಷನ್ ಎಲ್ಲ ಆರಿಸಿ ಎಂದರು. ಆರಿಸಿದೆ. ಕೊಟ್ಟಿಗೆಯಲ್ಲಿ ರಾಡಿನ ಪಕ್ಕದಲ್ಲೇ ಇದ್ದ ಸ್ವಿಚ್ಚು ಆರಿಸಿ, ರಾಡನ್ನು ನೀರಿನಿಂದ ಎತ್ತಿಟ್ಟೆ.

ಆದರೂ ಮೀಟರಿನ ಚಕ್ರ ತಿರುಗುತ್ತಲೇ ಇತ್ತು.

ಮೀಟರು ಕೆಟ್ಟಿದೆ ಎಂದೆ. ಅವರು ವೈರಿನ ಜಾಡು ಹಿಡಿದು ಕೊಟ್ಟಿಗೆಗೆ ನಡೆದರು. ಪೈಪಿಗೆ ಟೆಸ್ಟರ್ ಇಟ್ಟರು, ಕೆಂಪಗೆ ಹತ್ತಿಕೊಂಡಿತು. ನಾನು ಕಟ್ಟಿದ್ದ ಸೀರೆಯಂಚಿನ ಕೆಳಗೆ ವೈರಿನ ರಬ್ಬರನ್ನು ಇಲಿ ಕಡಿದು, ಒಳಗಿನ ತಂತಿ ಪೈಪಿಗೆ ತಾಗಿತ್ತು. ಅವರು ನನ್ನ ಬೂಟನ್ನೊಮ್ಮೆ, ಒದ್ದೆ ನೆಲದ ಮೇಲಿದ್ದ ಹಸುವಿನ ಕಾಲನ್ನೊಮ್ಮೆ ನೋಡಿದರು. ನನಗೆ ನಂಬಿಕೆ ಬರಲಿಲ್ಲ. ದಿನಕ್ಕೆ ಹತ್ತು ಸಲ ಮುಟ್ಟುವ ಪೈಪು ಅದು. ಬೂಟು ಕಳಚಿದೆ.

"ತೊಡಾದೀಂಗಮ್ಮಾ, ಮುಟ್ಬೇಡಿ," ಎಂದರು ಅವರು.

ಬೇಡ ಎಂದದ್ದನ್ನು ಮಾಡದಿದ್ದರೆ ನಾನು ನಾನಲ್ಲ. ಮುಟ್ಟಿದೆ. ಮೊಣಕೈವರೆಗೆ ಯಾರೋ ನರ ಹಿಡಿದು ಎಳೆದ ಹಾಗಾಯಿತು. ಹಿಂದಕ್ಕೆ ಬಿದ್ದು ಸಗಣಿಯಲ್ಲಿ ಕೂತೆ.

ಅವರು ಓಡಿಹೋಗಿ ಮೇನ್ ಸ್ವಿಚ್ಚು ಕೆಳಗೆಳೆದರು. ಕಪ್ಪು ಹಸು ತೊಟ್ಟಿಯತ್ತ ಕತ್ತು ಚಾಚಿ, ಹೆದರಿ ಹೆದರಿ ತುಟಿ ತಾಗಿಸಿತು. ತಲೆ ಎಳೆದುಕೊಳ್ಳಲಿಲ್ಲ. ಆಮೇಲೆ ಕುಡಿಯಿತು ನೋಡಿ, ಉಸಿರು ತೆಗೆದುಕೊಳ್ಳಲೂ ಮೂತಿ ಎತ್ತದೆ ಕುಡಿಯಿತು. ತೊಟ್ಟಿಯ ತಳ ಕಾಣಿಸಿತು. ಅತ್ತೆ ಬಾವಿಯಿಂದ ಸೇದಿ ಸೇದಿ ಹೊಯ್ದರು, ಅದನ್ನೂ ಕುಡಿಯಿತು. ಕರೆಂಟು ಹೋದ ಹೊತ್ತಿನಲ್ಲಿ ಈ ಹಸು ಎಷ್ಟು ಸಾಧು ಎಂದು ಅತ್ತೆ ಒಮ್ಮೆ ಹೇಳಿದ್ದರು. ಹಸುವೇನು ಮೋಟಾರೇ ಎಂದು ನಕ್ಕಿದ್ದೆ. ಸಗಣಿಯಲ್ಲಿ ಕೂತಲ್ಲೇ ಅದು ನೆನಪಾಗಿ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಎರಡು ತಿಂಗಳು ಕರೆಂಟಿನ ಮೇಲೆ ಬರಿಗಾಲಲ್ಲಿ ನಿಂತು ತೊಟ್ಟಿ ತಿಕ್ಕಿದ್ದೀರಲ್ಲ, ಜೀವ ಹೋಗಿದ್ದರೆ ಏನು ಗತಿ, ನನಗೆ ಬಾಯಿಬಿಟ್ಟು ಹೇಳಬಾರದಿತ್ತೇ ಎಂದು ಅತ್ತೆಯ ಮೇಲೆ ರೇಗಿದೆ. ತಪ್ಪು ನನ್ನದಾದಾಗ ರೇಗುವುದು ನನ್ನ ಹಳೇ ಚಾಳಿ.

ಅವರು ಕೊಡಪಾನ ಕೆಳಗಿಟ್ಟರು. "ಯೋಳ್ದೆ ಕಣಮ್ಮಿ," ಎಂದರು. "ನೀನು ಸಕ್ರೆ ನಿಲ್ಲಿಸ್ದೆ."

ದಲ್ಲಾಳಿಗೆ ಬರಬೇಡವೆಂದು ಹೇಳಿಕಳಿಸಿದೆ. ಆ ವೈರನ್ನು ಕಿತ್ತೆಸೆದೆವು. ತಿಂಗಳೊಳಗೆ ಕೊಟ್ಟಿಗೆಯ ಮೇಲೆ ಸೋಲಾರ್ ಬಂತು. ಕರೆಂಟಿಗೆ ಕಾಯದೆ ಕ್ಯಾನು ತೊಳೆಯಲು ಬಿಸಿನೀರು ಸಿಗತೊಡಗಿತು. ಎಲ್ಲ ಆರಿಸಿದರೆ ಮೀಟರಿನ ಚಕ್ರ ಅಲುಗಾಡದೆ ನಿಲ್ಲುತ್ತಿತ್ತು. ಕಪ್ಪು ಹಸುವಿನ ಹಾಲು ಮೊದಲಿನ ಮಟ್ಟಕ್ಕೆ ಏರಿತು.

ಆದರೆ ಅದು ಅತ್ತೆಗೆ ಮಾತ್ರ. ನಾನು ಪಕ್ಕದಲ್ಲಿ ಕೂತರೆ ಒದೆಯುತ್ತಿರಲಿಲ್ಲ. ಮೈಚರ್ಮ ಸಣ್ಣಗೆ ನಡುಗುತ್ತಿತ್ತು, ಹಾಲು ಇಳಿಸುತ್ತಿರಲಿಲ್ಲ. ಬೆಲ್ಲ ತಿನ್ನಿಸಿದೆ, ಮೈ ಸವರಿದೆ, ಎರಡು ಸೂಲು ಕಾದೆ. ನಾನು ಎದ್ದುಹೋಗುವವರೆಗೂ ಅದು ಹಾಗೇ ನಿಂತಿರುತ್ತಿತ್ತು.